ಅಡುಗೆಮನೆ ಚಾಕು ಮಸೆಯೋಕೆ ಕರೆಂಟ್ ಮೆಷಿನ್: ನೀರಿನ ಚಕ್ರನಾ, ಬೆಲ್ಟಾ, ಸಂದಿಯಲ್ಲಿ ಎಳೆಯೋದಾ? ಯೂಸ್ ಮಾಡಿದವ್ರು ಹೇಳಿ

ನಾಪೋಕ್ಲು_ಅಡುಗೆಮನೆ:
ಎಲ್ರಿಗೂ ನಮಸ್ಕಾರ. ನಾಪೋಕ್ಲು ಹತ್ರ ನಮ್ದೊಂದು ಹೋಮ್‌ಸ್ಟೇ ಉಂಟು, ಐದೇ ರೂಮು, ಅಡುಗೆ ಪೂರ್ತಿ ನಾನು ಇನ್ನಿಬ್ರು ಹೆಂಗಸರು ಸೇರಿ ಮಾಡೋದು. ಶನಿವಾರ ಭಾನುವಾರ ಬಂತು ಅಂದ್ರೆ ಹಂದಿ ಮಾಂಸನೇ ಎಂಟು ಹತ್ತು ಕೆಜಿ ತುಂಡು ಮಾಡ್ಬೇಕು, ಅದೂ ಚರ್ಮ ಸಮೇತ, ಆಮೇಲೆ ಈರುಳ್ಳಿ, ಶುಂಠಿ, ಮಳೆಗಾಲ ಆದ್ರೆ ಕಣಿಲೆ (ಎಳೆ ಬಿದಿರು) ಬೇರೆ ಸಣ್ಣಕ್ಕೆ ಹೆಚ್ಚೋದು. ಹೋದ ತಿಂಗಳು ನಮ್ಮ ಜೊತೆ ಕೆಲಸ ಮಾಡೋ ಅಕ್ಕನ ಹೆಬ್ಬೆರಳಿಗೆ ಮೂರು ಹೊಲಿಗೆ ಬಿತ್ತು. ಚಾಕು ಹರಿತ ಇದ್ದಿದ್ರೆ ಚರ್ಮದೊಳಗೆ ಇಳೀತಿತ್ತು, ಮೊಂಡಾಗಿದ್ದಕ್ಕೆ ಅವ್ರು ಜೋರಾಗಿ ಒತ್ತಿದ್ರು, ಅದು ಕೊಬ್ಬಿನ ಮೇಲೆ ಜಾರಿ ಸೀದಾ ಬೆರಳಿಗೆ. ಅವತ್ತಿಂದ ನಂಗೆ ಇದೇ ಯೋಚನೆ.

ಮುಂಚೆ ಸೈಕಲ್ ಮೇಲೆ ಸಾಣೆ ಹಿಡಿಯೋರು ಒಬ್ರು ಬರ್ತಿದ್ರು, ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದು ಕಲ್ಲು ತಿರುಗಿಸ್ತಿದ್ರು, ಈಗ ಎಷ್ಟೋ ವರ್ಷದಿಂದ ಆ ಕಡೆ ಯಾರೂ ಬರಲ್ಲ. ಒಂದು ವರ್ಕ್‌ಶಾಪಲ್ಲಿ ಕೊಟ್ಟು ನೋಡಿದೆ. ಎರಡು ನಿಮಿಷದಲ್ಲಿ ಕಿಡಿ ಹಾರಿಸಿ ವಾಪಸ್ ಕೊಟ್ರು, ಮನೇಲಿ ಬೆಳಕಲ್ಲಿ ಹಿಡಿದು ನೋಡಿದ್ರೆ ತುದಿ ಹತ್ರ ನೀಲಿ ಬಣ್ಣ ಬಂದುಬಿಟ್ಟಿದೆ, ಅಲಗು ಮಧ್ಯದಲ್ಲಿ ಹಳ್ಳ ಬಿದ್ದ ಹಾಗೆ ಸವೆದಿದೆ. ಮೊದಲ ದಿನ ಚೆನ್ನಾಗೇ ಕುಯ್ತು, ಮೂರನೇ ದಿನಕ್ಕೆ ಮತ್ತೆ ಮೊಂಡು.

ಹಾಗಾಗಿ ನಾವೇ ಒಂದು ಮೆಷಿನ್ ತಗೊಳ್ಳೋಣ ಅಂತ. ನಮ್ಮಲ್ಲಿ ಇರೋದು ಸ್ವಿಸ್ ಚಾಕು ಎರಡು, ಹಿಡಿ ಹತ್ರ ದಪ್ಪ ಕಬ್ಬಿಣ ಇರೋ ಜರ್ಮನ್ ಚಾಕು ಒಂದು, ಗೆಸ್ಟ್ ಒಬ್ರು ಪ್ರೀತಿಯಿಂದ ಕೊಟ್ಟು ಹೋದ ಜಪಾನ್ ಚಾಕು ಒಂದು, ಆಚಾರಿ ಮಾಡಿಕೊಟ್ಟ ಕತ್ತಿ ಎರಡು. ಆನ್‌ಲೈನಲ್ಲಿ ನೋಡಿದ್ರೆ ಸಾವಿರ ರೂಪಾಯಿಯಿಂದ ಹಿಡಿದು ಒಂದು ಹಳೇ ಸ್ಕೂಟರ್ ರೇಟಿನ ತನಕ ಉಂಟು. ಯಾವ್ದು ತಗೊಳ್ಳಿ ಹೇಳಿ, ನಿಜವಾಗ್ಲೂ ಯೂಸ್ ಮಾಡಿದವ್ರು ಹೇಳಿದ್ರೆ ಉಪಕಾರ.

ಸುಂಟಿಕೊಪ್ಪ_ಬಡಗಿ:
ಅಕ್ಕ, ಮೊದಲು ಆ ನೀಲಿ ಬಣ್ಣದ ವಿಷಯ ಹೇಳ್ತೀನಿ, ಯಾಕಂದ್ರೆ ಮೆಷಿನ್ ಆರಿಸೋದಕ್ಕೆ ಅದೇ ಮುಖ್ಯ. ಉಕ್ಕನ್ನ ಗಟ್ಟಿ ಮಾಡಿ ಆಮೇಲೆ ಹದಕ್ಕೆ ಸುಮಾರು 200 ಡಿಗ್ರಿ ತನಕ ಬಿಸಿ ಮಾಡಿರ್ತಾರೆ, ಅಡುಗೆ ಚಾಕುಗಳು ಹೆಚ್ಚೂಕಮ್ಮಿ ಅದೇ ರೇಂಜಲ್ಲಿ ಇರ್ತಾವೆ. ಮಸೆಯುವಾಗ ಅದಕ್ಕಿಂತ ಜಾಸ್ತಿ ಬಿಸಿ ಆದ್ರೆ ಆ ಹದ ಹೋಯ್ತು. ನೀಲಿ ಬಂತು ಅಂದ್ರೆ ಹತ್ರ ಹತ್ರ 300 ಡಿಗ್ರಿ ಮುಟ್ಟಿದೆ ಅಂತ ಅರ್ಥ. ಆಮೇಲೆ ನೀರಲ್ಲಿ ಅದ್ದಿದ್ರೂ ಗಟ್ಟಿತನ ವಾಪಸ್ ಬರಲ್ಲ. ಅಲಗಿನ ಬಾಯಿ ಕಾಗದದಷ್ಟು ತೆಳು, ಅಲ್ಲಿ ಬಿಸಿ ಹೋಗೋಕೆ ಜಾಗ ಇಲ್ಲ, ಕಣ್ಣಿಗೆ ಬಣ್ಣ ಕಾಣೋ ಮುಂಚೆನೇ ಬಾಯಿ ಮೆತ್ತಗಾಗಿರಬಹುದು. ಮೂರೇ ದಿನಕ್ಕೆ ಮೊಂಡಾಗಿದ್ದು ಅದಕ್ಕೇ.

ವರ್ಕ್‌ಶಾಪಿನ ಗ್ರೈಂಡರ್ 150 ಎಂಎಂ ಕಲ್ಲು, ನಿಮಿಷಕ್ಕೆ 2800 ಸುತ್ತು. ಲೆಕ್ಕ ಹಾಕಿ, ಕಲ್ಲಿನ ಮೈ ನಿಮಿಷಕ್ಕೆ ಸುಮಾರು 1300 ಮೀಟರ್ ಓಡುತ್ತೆ ಅಲಗಿನ ಮೇಲೆ. ನಾನು ಇಟ್ಕೊಂಡಿರೋದು ಟಾರ್ಮೆಕ್ ಟಿ-8, ಸ್ವೀಡನ್‌ದು, ಆ ಕಂಪನಿ 1973ರಲ್ಲಿ ಶುರುವಾಗಿದ್ದು. 250 ಎಂಎಂ ಕಲ್ಲು, ನಿಮಿಷಕ್ಕೆ 90 ಸುತ್ತು, ಅಂದ್ರೆ ಬರೀ 70 ಮೀಟರ್. ಅದ್ರ ಮೇಲೆ ಕಲ್ಲಿನ ಕೆಳಗೆ ನೀರಿನ ತೊಟ್ಟಿ, ತಿರುಗ್ತಾ ತಿರುಗ್ತಾ ನೀರು ಅಲಗಿನ ಮೇಲೆ ಹರೀತಾನೇ ಇರುತ್ತೆ. ಎಷ್ಟು ಹೊತ್ತು ಹಿಡಿದ್ರೂ ಚಾಕು ಕೈಗೆ ತಣ್ಣಗೇ ಇರುತ್ತೆ. ಕಿಡಿ ಇಲ್ಲ, ಧೂಳು ಮೂಗಿಗೆ ಹೋಗಲ್ಲ, ಎಲ್ಲಾ ನೀರಿಗೆ ಬೀಳುತ್ತೆ, ಪಕ್ಕದಲ್ಲಿ ನಿಂತು ಮಾತಾಡಬಹುದು ಅಷ್ಟು ಮೆಲ್ಲ ಸದ್ದು.

ಉಳಿ ಮಸೆಯೋಕೆ ಅಂತ ತಗೊಂಡಿದ್ದು, ಈಗ ಊರಿನವ್ರ ಚಾಕು ಕೂಡ ನಾನೇ ಮಸೆದು ಕೊಡ್ತೀನಿ. ಚಾಕುಗೆ ಬೇರೆ ಹಿಡಿಕಟ್ಟು ಸಿಗುತ್ತೆ, ಅಲಗಿನ ಬೆನ್ನಿಗೆ ಕಚ್ಚಿಸಿ ಕಂಬಿ ಮೇಲೆ ಇಟ್ಟು ಎಳೆಯೋದು, ಕೋನ ಮೊದಲಿಂದ ಕೊನೆ ತನಕ ಒಂದೇ ಇರುತ್ತೆ. ಕೋನ ಸರಿ ಕೂತಿದೆಯಾ ಅಂತ ನೋಡೋಕೆ ನಾನು ಅಲಗಿನ ಬಾಯಿಗೆ ಕಪ್ಪು ಮಾರ್ಕರ್ ಪೆನ್ನಲ್ಲಿ ಬಣ್ಣ ಬಳಿದು, ಕಲ್ಲನ್ನ ಕೈಯಲ್ಲೇ ಸ್ವಲ್ಪ ತಿರುಗಿಸ್ತೀನಿ. ಬಣ್ಣ ಬಾಯಂಚಲ್ಲಿ ಮಾತ್ರ ಹೋದ್ರೆ ಕೋನ ಜಾಸ್ತಿ ಆಯ್ತು, ಮೇಲ್ಗಡೆ ಮಾತ್ರ ಹೋದ್ರೆ ಕಮ್ಮಿ ಆಯ್ತು, ಪೂರ್ತಿ ಪಟ್ಟಿ ಹೋದ್ರೆ ಸರಿ. ಆಮೇಲೆ ಇನ್ನೊಂದು ಬದಿಯ ಚರ್ಮದ ಚಕ್ರದ ಮೇಲೆ ಪಾಲಿಶ್ ಪೇಸ್ಟ್ ಹಚ್ಚಿ ಮುಗಿಸೋದು. ಆ ಚರ್ಮ ಬಿಟ್ರೆ ಕೆಲಸ ಅರ್ಧನೇ.

ಕುಶಾಲನಗರ_ಬೆಲ್ಟ್:
ಅಣ್ಣ ಹೇಳಿದ್ದು ಸರಿ, ಆದ್ರೆ ಒಂದು ಹೋಮ್‌ಸ್ಟೇಗೆ ಅಷ್ಟು ದೊಡ್ಡ ಮೆಷಿನ್ ಯಾಕೆ ಅಂತ ನನ್ನ ಪ್ರಶ್ನೆ. ನಾನು ಯೂಸ್ ಮಾಡೋದು ವರ್ಕ್‌ಶಾರ್ಪ್ ಕೆನ್ ಆನಿಯನ್ ಎಡಿಷನ್. ಕೈಯಲ್ಲಿ ಹಿಡಿಯೋ ಡ್ರಿಲ್ಲಿನಷ್ಟು ದೊಡ್ಡದು, ಮುಕ್ಕಾಲು ಇಂಚು ಅಗಲ 12 ಇಂಚು ಉದ್ದದ ಚಿಕ್ಕ ಬೆಲ್ಟು, ಕೋನ 15 ಡಿಗ್ರಿಯಿಂದ 30 ತನಕ ತಿರುಪಿ ಇಡಬಹುದು, ಸ್ಪೀಡ್ ಕಮ್ಮಿ ಜಾಸ್ತಿ ಮಾಡಬಹುದು. ಒರಟು ಬೆಲ್ಟಲ್ಲಿ ಶುರು ಮಾಡಿ ನುಣುಪಿಗೆ ಹೋದ್ರೆ ಒಂದು ಚಾಕು ಐದು ನಿಮಿಷ. ಕೆಲಸ ಆದ್ಮೇಲೆ ಡ್ರಾಯರ್ ಒಳಗೆ.

ಬೆಲ್ಟ್ ಸ್ವಲ್ಪ ಬಗ್ಗುತ್ತೆ ಅಲ್ವಾ, ಅದಕ್ಕೆ ಅಲಗಿನ ಬಾಯಿ ಚಪ್ಪಟೆ ಆಗದೆ ಹೊರಗೆ ಉಬ್ಬಿದ ಹಾಗೆ ಬರುತ್ತೆ, ಅದು ಗಟ್ಟಿಮುಟ್ಟು. ಆಚಾರಿ ಮಾಡಿದ ಕತ್ತಿಗೆ ಇದಕ್ಕಿಂತ ಒಳ್ಳೇದು ಇಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಆ ಕತ್ತಿಗಳು ಹೆಚ್ಚಾಗಿ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಬಡಿದವು, ದಪ್ಪ ಬೇರೆ, ಅಲಗು ಸೀದಾ ಇರಲ್ಲ, ಬಾಗಿರುತ್ತೆ, ಬೆಲ್ಟ್ ಆ ಬಾಗಿಗೆ ತಾನೇ ಹೊಂದ್ಕೊಳ್ಳುತ್ತೆ. ನಮ್ಮ ತೋಟದಲ್ಲಿ ಕಪಾತು, ಅಂದ್ರೆ ಗಿಡ ಸವರೋದು, ಶುರುವಾದ್ರೆ ಕೆಲಸದವ್ರ ಕತ್ತಿ ಹತ್ತು ಹನ್ನೆರಡು ಒಂದೇ ಬೆಳಿಗ್ಗೆ ಮಸೆದು ಕೊಡ್ತೀನಿ.

ಒಂದೇ ಎಚ್ಚರಿಕೆ, ಚಾಕುವಿನ ತುದಿ ಬೆಲ್ಟ್ ದಾಟಿ ಹೊರಗೆ ಎಳೀಬೇಡಿ. ತುದಿ ಬೆಲ್ಟಿನ ಮಧ್ಯಕ್ಕೆ ಬಂದಾಗ ನಿಲ್ಲಿಸಿ ಎತ್ತಬೇಕು, ಇಲ್ಲ ಅಂದ್ರೆ ನಾಲ್ಕೇ ಸಲಕ್ಕೆ ಚೂಪು ತುದಿ ದುಂಡಗಾಗುತ್ತೆ.

ಸುಂಟಿಕೊಪ್ಪ_ಬಡಗಿ:
ಕತ್ತಿಗೆ ಬೆಲ್ಟ್ ಒಳ್ಳೇದು ಅನ್ನೋದು ಒಪ್ತೀನಿ ತಮ್ಮ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಿನ್ನ ಮೆಷಿನ್ ಕಮ್ಮಿ ಸ್ಪೀಡಲ್ಲೇ ನಿಮಿಷಕ್ಕೆ 360 ಮೀಟರ್ ಓಡುತ್ತೆ, ಫುಲ್ ಇಟ್ರೆ 850, ನೀರು ಇಲ್ಲ. ಗೊತ್ತಿರೋರ ಕೈಯಲ್ಲಿ ತೊಂದ್ರೆ ಇಲ್ಲ, ಹಗುರಾಗಿ ಎಳೀತಾರೆ, ಮಧ್ಯೆ ಮಧ್ಯೆ ಬೆರಳಿಟ್ಟು ಬಿಸಿ ನೋಡ್ತಾರೆ. ಹೋಮ್‌ಸ್ಟೇ ಅಡುಗೆಮನೇಲಿ ಮೂರು ಜನ ಯೂಸ್ ಮಾಡ್ತಾರೆ, ಅರ್ಜೆಂಟಲ್ಲಿ ಒಬ್ರು ಒರಟು ಬೆಲ್ಟ್ ಹಾಕಿ ಜೋರಾಗಿ ಒತ್ತಿದ್ರೆ ಆ ಜಪಾನ್ ಚಾಕು ಗತಿ? ಆ ಬೆಲ್ಟಿಗೆ ಸಿಕ್ಕಿದ ಲೋಹ ವಾಪಸ್ ಬರಲ್ಲ. ನಿಧಾನ ಮೆಷಿನಲ್ಲಿ ತಪ್ಪು ಮಾಡಿದ್ರೂ ತಪ್ಪು ಕೂಡ ನಿಧಾನಕ್ಕೇ ಆಗುತ್ತೆ, ನಿಲ್ಲಿಸೋಕೆ ಟೈಮ್ ಇರುತ್ತೆ.

ಸಿದ್ದಾಪುರ_ಕಾಫಿ:
ನಾನು ಮೂರನೇ ತರದ್ದು ಹೇಳ್ತೀನಿ, ಯಾರೂ ಹೇಳಿಲ್ಲ. ಸಂದಿ ಒಳಗೆ ಚಾಕು ಇಟ್ಟು ಎಳೆಯೋ ಮೆಷಿನ್. ನನ್ನ ತಂಗಿ ಮನೇಲಿ ಶೆಫ್ಸ್ ಚಾಯ್ಸ್ ಟ್ರೈಜರ್ ಉಂಟು, ಅಲ್ಲಿಗೆ ಹೋದಾಗೆಲ್ಲಾ ನಾನೇ ಯೂಸ್ ಮಾಡ್ತೀನಿ. ಮೂರು ಹಂತ, ಮೊದಲ ಎರಡು ಡೈಮಂಡ್ ಪುಡಿ ಇರೋ ಡಿಸ್ಕ್, ಮೂರನೇದು ಮೆತ್ತಗಿನ ಪಾಲಿಶ್ ಡಿಸ್ಕ್. ಒಳಗೆ ಸ್ಪ್ರಿಂಗ್ ಪಟ್ಟಿ ಇರುತ್ತೆ, ಅದೇ ಚಾಕುನ 15 ಡಿಗ್ರಿಗೆ ಹಿಡ್ಕೊಳ್ಳುತ್ತೆ, ನಾವು ಸುಮ್ನೆ ಎಡಕ್ಕೊಂದು ಬಲಕ್ಕೊಂದು ಎಳೆದ್ರೆ ಆಯ್ತು. 20 ಡಿಗ್ರಿ ಇರೋ ಹಳೇ ಚಾಕುನೂ 15ಕ್ಕೆ ತರುತ್ತೆ. ಕಲಿಯೋಕೆ ಏನೂ ಇಲ್ಲ, ನಮ್ಮ ಅಮ್ಮ ಮೊದಲ ದಿನವೇ ಸರಿ ಮಸೆದ್ರು, ಟೊಮ್ಯಾಟೋ ತನ್ನ ಭಾರಕ್ಕೇ ಕುಯ್ತು.

ತೊಂದ್ರೆ ಅಕ್ಕ ಹೇಳಿದ ಆ ದಪ್ಪ ಕುತ್ತಿಗೆಯ ಜರ್ಮನ್ ಚಾಕುಗೆ. ಹಿಡಿ ಹತ್ರ ಇರೋ ದಪ್ಪ ಭಾಗ ಸಂದಿಗೆ ತಾಗಿ ನಿಲ್ಲುತ್ತೆ, ಹಾಗಾಗಿ ಬುಡದ ಒಂದು ಬೆರಳು ಅಗಲ ಡಿಸ್ಕ್ ಮುಟ್ಟೋದೇ ಇಲ್ಲ, ಮುಂದಿನ ಭಾಗ ಮಾತ್ರ ಸವೀತಾ ಬರುತ್ತೆ. ವರ್ಷ ಎರಡು ವರ್ಷ ಆದ್ಮೇಲೆ ಹಲಗೆ ಮೇಲೆ ಇಟ್ಟು ನೋಡಿ, ಬುಡ ತಾಗಿರುತ್ತೆ, ಅದ್ರ ಮುಂದೆ ಬೆಳಕು ಕಾಣುತ್ತೆ. ಈರುಳ್ಳಿ ಹೆಚ್ಚಿದ್ರೆ ಪೂರ್ತಿ ಬಿಡಿ ಆಗಲ್ಲ, ಮಾಲೆ ಹಾಗೆ ಜೋತಾಡ್ತಿರುತ್ತೆ. ಜಪಾನ್ ಚಾಕು ಒಂದೇ ಬದಿ ಮಸೆದ ತರದ್ದಾದ್ರೆ ಇದಕ್ಕೆ ಹಾಕ್ಲೇಬೇಡಿ.

ನನಗೆ ಇನ್ನೊಂದು ಕೇಳ್ಬೇಕಿತ್ತು. ಅಮೆರಿಕದಿಂದ ಒಂದು ಮೆಷಿನ್ ತರಿಸ್ಕೊಂಡ್ರೆ ಇಲ್ಲಿ ನಡೆಯುತ್ತಾ? ನನಗೆ ಗೊತ್ತಿರೋರು ಒಬ್ರು ತಂದು ಸೀದಾ ಪ್ಲಗ್ಗಿಗೆ ಹಾಕಿ ಅರ್ಧ ನಿಮಿಷದಲ್ಲಿ ಹೊಗೆ ಬಂತು.

ಮಡಿಕೇರಿ_ವೈರ್‌ಮನ್:
ಬರ್ಲೇಬೇಕು ಹೊಗೆ. ಅಲ್ಲಿ 120 ವೋಲ್ಟ್ 60 ಹರ್ಟ್ಸ್, ನಮ್ದು 230 ವೋಲ್ಟ್ 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ವೋಲ್ಟೇಜ್ ಇಳಿಯುತ್ತೆ, ಹರ್ಟ್ಸ್ ಬದಲಾಗಲ್ಲ, ಇದನ್ನ ತುಂಬಾ ಜನ ಮರೀತಾರೆ. ಇಂಡಕ್ಷನ್ ಮೋಟರ್ ಆದ್ರೆ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತೆ, ಬಿಸಿಯೂ ಜಾಸ್ತಿ ಆಗುತ್ತೆ. ದಯವಿಟ್ಟು 230 ವೋಲ್ಟ್ 50 ಹರ್ಟ್ಸ್ ಅಂತ ಪ್ಲೇಟ್ ಮೇಲೆ ಬರೆದಿರೋದನ್ನೇ ತಗೊಳ್ಳಿ.

ಇನ್ನು ನಮ್ಮ ಮಳೆಗಾಲ. ಜೂನ್ ಜುಲೈಯಲ್ಲಿ ಮರ ಬಿದ್ದು ಲೈನ್ ಹೋಗೋದು ಎಲ್ರಿಗೂ ಗೊತ್ತು, ಬಂದ್ರೂ ತೋಟದ ಕೊನೆ ಮನೆಗಳಲ್ಲಿ 170, 180 ವೋಲ್ಟ್ ನಾನೇ ಮೀಟರ್ ಇಟ್ಟು ನೋಡಿದ್ದೀನಿ. ಅಷ್ಟು ಕಮ್ಮೀಲಿ ಮೋಟರ್ ಗುಂಯ್ ಅಂತ ಸದ್ದು ಮಾಡಿಕೊಂಡು ಒದ್ದಾಡ್ತಿದ್ರೆ ಆಫ್ ಮಾಡಿ, ಕರೆಂಟ್ ಜಾಸ್ತಿ ಎಳೆದು ವೈಂಡಿಂಗ್ ಸುಡುತ್ತೆ. ಇನ್ವರ್ಟರ್ ಮೇಲೆ ಓಡಿಸ್ಬಹುದಾ ಅಂತ ಕೇಳಿದ್ರೆ, ಪ್ಯೂರ್ ಸೈನ್ ವೇವ್ ಇದ್ರೆ ಸರಿ, ಹಳೇ ಸ್ಕ್ವೇರ್ ವೇವ್ ಮೇಲೆ ಬೇಡ. ಟಿ-8 200 ವ್ಯಾಟ್, ಅದ್ರ ತಮ್ಮ ಟಿ-4 120 ವ್ಯಾಟ್, ಮಿಕ್ಸಿಗಿಂತ ಎಷ್ಟೋ ಕಮ್ಮಿ, ಲೋಡ್ ದೊಡ್ಡ ವಿಷಯ ಅಲ್ಲ. ನೀರಿನ ಮೆಷಿನ್ ಆದ್ರೆ ಅರ್ತಿಂಗ್ ಸರಿ ಇರೋ ಮೂರು ಪಿನ್ ಪಾಯಿಂಟ್, ಆಗೋದಾದ್ರೆ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಆರ್‌ಸಿಸಿಬಿ ಸ್ವಿಚ್. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟೋ ಕೆಲಸ ಇದು, ಇಷ್ಟು ಮಾತ್ರ ಮಾಡಿಸ್ಕೊಳ್ಳಿ.

ಮಸೆಗಲ್ಲು_ಪೊನ್ನಂಪೇಟೆ:
ಮಕ್ಕಳೇ ಎಲ್ಲಾ ಓದಿದೆ. ನನಗೆ ಅರವತ್ತೆಂಟು ವಯಸ್ಸು, ಐವತ್ತು ವರ್ಷದಿಂದ ಒಂದೇ ತರ ಕಲ್ಲು, ಎರಡು ಮೈದು, ಒಂದು ಕಡೆ ಒರಟು ಒಂದು ಕಡೆ ನುಣುಪು, ನೀರು ಹಾಕಿ ಮಸೆಯೋದು. ಬಾವಿಕಟ್ಟೆ ಹತ್ರ ಕೂತು ಹತ್ತು ನಿಮಿಷ. ಮೆಷಿನ್ ಬೇಡ ಅಂತ ಹೇಳ್ತಿಲ್ಲ, ಆದ್ರೆ ಒಂದು ವಿಷಯ ಯಾರೂ ಹೇಳಿಲ್ಲ, ಅದು ಗೊತ್ತಿಲ್ದೆ ಯಾವ ಮೆಷಿನ್ ತಂದ್ರೂ ಪ್ರಯೋಜನ ಇಲ್ಲ.

ಒಂದು ಬದಿ ಮಸೆದಾಗ ಅಲಗಿನ ಇನ್ನೊಂದು ಬದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಎಳೆ ಮಡಚಿಕೊಳ್ಳುತ್ತೆ. ಹೆಬ್ಬೆರಳಿನ ಮೆತ್ತೆಯನ್ನ ಬೆನ್ನಿನ ಕಡೆಯಿಂದ ಬಾಯಿ ಕಡೆಗೆ ಅಡ್ಡಕ್ಕೆ ಸವರಿ, ಉದ್ದಕ್ಕೆ ಸವರಬಾರದು, ಕುಯ್ದುಬಿಡುತ್ತೆ. ಉಗುರಿನ ಬುಡದಲ್ಲಿ ಸಿಪ್ಪೆ ಎದ್ದಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತಲ್ಲ, ಅದೇ ತರ ಚರ್ಮಕ್ಕೆ ಕಚ್ಚಿದ ಹಾಗೆ ಸಿಗುತ್ತೆ. ಬುಡದಿಂದ ತುದಿ ತನಕ ಎಲ್ಲಾ ಕಡೆ ಸಿಕ್ಕಿದ್ರೆ ಮಾತ್ರ ಆ ಬದಿ ಮುಗೀತು, ಆಗ ತಿರುಗಿಸಿ. ಅರ್ಧಕ್ಕೆ ತಿರುಗಿಸಿದ್ರೆ ಎಷ್ಟು ಮಸೆದ್ರೂ ಹರಿತ ಬರಲ್ಲ. ಕೊನೆಗೆ ಆ ಎಳೆಯನ್ನ ಕೂಡ ತೆಗೀಬೇಕು, ನಾನು ಹಳೇ ಸೊಂಟದ ಬೆಲ್ಟಿನ ಒಳಮೈ ಮೇಲೆ ಎಳೀತೀನಿ. ಎಳೆ ಉಳಿದ್ರೆ ಮೊದಲ ದಿನ ಬ್ಲೇಡ್ ಹಾಗೆ ಕುಯ್ಯುತ್ತೆ, ಎರಡನೇ ದಿನ ಅದು ಮಡಚಿ ಬಿದ್ದು ಮೊಂಡು. ನಾಪೋಕ್ಲು ಮಗಳೇ, ನಿನ್ನ ಚಾಕು ಕೆಟ್ಟಿದ್ದಕ್ಕೆ ಬಿಸಿ ಒಂದೇ ಅಲ್ಲ, ಇದೂ ಇರಬಹುದು.

ಮತ್ತೆ ಹೆಚ್ಚೋದು ಯಾವುದ್ರ ಮೇಲೆ? ಗ್ರಾನೈಟ್ ಕಟ್ಟೆ ಮೇಲೆ ಅಂದ್ರೆ ಯಾವ ಮೆಷಿನೂ ನಿನ್ನ ಕಾಪಾಡಲ್ಲ. ಮರದ ಹಲಗೆ ಇರಲಿ, ಮಾಂಸಕ್ಕೆ ಹುಣಸೆ ದಿಮ್ಮಿ. ಆಚಾರಿ ಕತ್ತೀಲಿ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ ರಸ) ಹಾಕಿದ ಮಾಂಸ ಮುಟ್ಟಿದ್ರೆ ಕೂಡ್ಲೆ ತೊಳೆದು ಒರೆಸಿಡು, ಅದು ಉಪ್ಪಿನಕಾಯಿಗಿಂತ ಬೇಗ ಕಬ್ಬಿಣ ಕಪ್ಪು ಮಾಡುತ್ತೆ. ಮಳೆಗಾಲದಲ್ಲಿ ಒಂದು ತೊಟ್ಟು ತೆಂಗಿನೆಣ್ಣೆ ಸವರಿಡು.

ಸೋಮವಾರಪೇಟೆ_ಮಾಜಿಸೈನಿಕ:
ದೊಡ್ಡಮ್ಮ ಹೇಳಿದ್ದಕ್ಕೆ ನನ್ನ ಸೆಲ್ಯೂಟ್. ನಾನು ಫೌಜಿನ ಲಂಗರಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವ. ಅಲ್ಲಿ ದಿನಾ ಬೆಳಿಗ್ಗೆ ಸ್ಟೀಲ್ ರಾಡ್ ಮೇಲೆ ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಎಳೆದೇ ಕೆಲಸ ಶುರು. ರಾಡ್ ಮಸೆಯೋದಿಲ್ಲ, ಬಗ್ಗಿದ ಬಾಯಿಯನ್ನ ನೆಟ್ಟಗೆ ಮಾಡುತ್ತೆ. ಸ್ವಿಸ್, ಜರ್ಮನ್ ಚಾಕುಗಳ ಉಕ್ಕು ಸ್ವಲ್ಪ ಮೆತ್ತಗೆ, ಗಟ್ಟಿತನ ಅಳೆಯೋ ರಾಕ್‌ವೆಲ್ ಲೆಕ್ಕದಲ್ಲಿ 55, 56ರ ಆಸುಪಾಸು, ಅವಕ್ಕೆ ರಾಡ್ ಹೇಳಿ ಮಾಡಿಸಿದ್ದು. ಜಪಾನ್‌ದು 60ರ ಮೇಲೆ, ಗಾಜಿನ ಹಾಗೆ ಗಟ್ಟಿ, ಗೆರೆ ಇರೋ ಸ್ಟೀಲ್ ರಾಡಿಗೆ ಉಜ್ಜಿದ್ರೆ ಬಾಯಿ ಚಕ್ಕೆ ಏಳುತ್ತೆ. ಅದ್ರಲ್ಲಿ ಮೂಳೆ ಕಡೀಬೇಡಿ, ಕಣಿಲೆಗೆ, ತರಕಾರಿಗೆ ಇಟ್ಕೊಳ್ಳಿ.

ರಾಡ್ ಸರಿಯಾಗಿ ಯೂಸ್ ಮಾಡಿದ್ರೆ ಮೆಷಿನ್ ಬೇಕಾಗೋದು ಎರಡು ಮೂರು ತಿಂಗಳಿಗೊಮ್ಮೆ. ವಾರ ವಾರ ಮೆಷಿನಿಗೆ ಹಾಕಿದ್ರೆ ಚಾಕು ಸವೆದು ಕಡ್ಡಿ ಆಗುತ್ತೆ, ಲಂಗರಲ್ಲಿ ಅಂಥ ಚಾಕು ಬೇಕಾದಷ್ಟು ನೋಡಿದ್ದೀನಿ.

ವಿರಾಜಪೇಟೆ_ಹೊಸಬ:
ನಡುವೆ ಬಾಯಿ ಹಾಕ್ತಿದ್ದೀನಿ. ನಮ್ಮ ಕೊಡವರ ಆಯುಧ ಪೂಜೆ ಹಬ್ಬ ಕೈಲ್ ಪೊಳ್ದ್ ಹತ್ರ ಬಂತಲ್ಲ, ಐನ್‌ಮನೇಲಿ (ಕುಟುಂಬದ ಮೂಲ ಮನೇಲಿ) ತಾತನ ಕಾಲದ ಪೀಚೆಕತ್ತಿ, ಒಡಿಕತ್ತಿ ಇವೆ, ತುಕ್ಕು ಹಿಡಿದಿದೆ. ಬೆಲ್ಟ್ ಮೆಷಿನಲ್ಲಿ ಒಂದು ಸಲ ಕ್ಲೀನ್ ಮಾಡಿಸಿ ಹರಿತ ಮಾಡಿದ್ರೆ ಪೂಜೆಗೆ ಇಡುವಾಗ ಪಳಪಳ ಅನ್ನುತ್ತೆ ಅಂತ. ಯಾರಾದ್ರೂ ಮಾಡಿಕೊಡ್ತೀರಾ?

ಕುಶಾಲನಗರ_ಬೆಲ್ಟ್:
ಬೇಡ ಬ್ರೋ. ಬೆಲ್ಟ್ ನನ್ನ ಹತ್ರ ಇದ್ರೂ ನಾನು ಹಾಕಲ್ಲ. ಆ ಅಲಗಿನ ಮೇಲಿರೋ ಗೆರೆ, ಹಳೇ ಮಸೆದ ಗುರುತು ಎಲ್ಲಾ ಒಂದೇ ನಿಮಿಷಕ್ಕೆ ಹೋಗುತ್ತೆ.

ಸುಂಟಿಕೊಪ್ಪ_ಬಡಗಿ:
ಇದು ಅಡುಗೆ ಸಾಮಾನಲ್ಲ, ನಿಮ್ಮ ಗುರುಕಾರೋಣರದ್ದು, ಅಂದ್ರೆ ಕುಟುಂಬದ ಹಿರಿಯರದ್ದು. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ, ಮರುದಿನ ಹತ್ತಿ ಬಟ್ಟೇಲಿ ಮೆಲ್ಲ ಉಜ್ಜಿ, ಮೇಲಿನ ಕೆಂಪು ತುಕ್ಕು ಬರುತ್ತೆ, ಕೆಳಗಿನ ಕಪ್ಪು ಇರಲಿ ಬಿಡಿ, ಅದು ತುಕ್ಕು ತಡೆಯುತ್ತೆ. ಹಿಡಿಯ ಬೆಳ್ಳಿ ಕೆಲಸಕ್ಕೆ ಎಣ್ಣೆ ತಾಗದ ಹಾಗೆ ನೋಡ್ಕೊಳ್ಳಿ. ಹರಿತ ಬೇಕಾಗಿಲ್ಲ. ಹಬ್ಬದ ದಿನ ಆಯುಧಕ್ಕೆ ಇಡೋ ತೋಕ್‌ಪೂ ಹೂ ಇಟ್ಟಾಗ ಆ ಕಪ್ಪು ಅಲಗಿನ ಮೇಲೆ ಹೂ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ.

ನಾಪೋಕ್ಲು ಅಕ್ಕ, ದೂರದಿಂದ ಎಷ್ಟು ಅಂತ ಬರೆಯೋದು. ನಿಮ್ಮ ಚಾಕುಗಳನ್ನೆಲ್ಲಾ ತಗೊಂಡು ಒಂದು ದಿನ ನಮ್ಮ ಶೆಡ್ಡಿಗೆ ಬನ್ನಿ. ಕುಶಾಲನಗರದ ತಮ್ಮನೂ ಅವನ ಬೆಲ್ಟ್ ತರಲಿ. ಎರಡೂ ನೋಡಿ ಆಮೇಲೆ ದುಡ್ಡು ಹಾಕಿ.

ನಾಪೋಕ್ಲು_ಅಡುಗೆಮನೆ:
ಹೋಗಿ ಬಂದೆ. ಹೋಗಿದ್ದು ಒಂದು ತಿಂಗಳಾಯ್ತು, ಹಬ್ಬ, ಗೆಸ್ಟ್ ಅಂತ ಬರೆಯೋಕೆ ಪುರುಸೊತ್ತು ಆಗಿರ್ಲಿಲ್ಲ, ಈಗ ಪೂರ್ತಿ ಬರೀತೀನಿ, ನನ್ನ ಹಾಗೆ ಹುಡುಕ್ತಿರೋರಿಗೆ ಸಹಾಯ ಆಗಲಿ.

ಮೊದಲು ವರ್ಕ್‌ಶಾಪಲ್ಲಿ ಕೆಟ್ಟಿದ್ದ ಸ್ವಿಸ್ ಚಾಕು. ಅಣ್ಣ ಅದನ್ನ ಟ್ಯೂಬ್‌ಲೈಟ್ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿದು ತೋರಿಸಿದ್ರು. ಹರಿತ ಇರೋ ಕಡೆ ಏನೂ ಕಾಣಲ್ಲ, ಮೊಂಡು ಇರೋ ಕಡೆ ಸಣ್ಣ ಬಿಳಿ ಗೆರೆ ಹೊಳೆಯುತ್ತೆ, ನಮ್ಮ ಚಾಕೂಲಿ ಬುಡದಿಂದ ತುದಿ ತನಕ ಒಂದೇ ಸಮ ಹೊಳೀತಿತ್ತು. ನೀಲಿ ಆಗಿದ್ದ ಭಾಗ ಪೂರ್ತಿ ಹೋಗೋ ತನಕ ಮಸೀಬೇಕಾಯ್ತು, ನೀರಿನ ಕಲ್ಲಿನ ಮೇಲೆ ಇಪ್ಪತ್ತೈದು ನಿಮಿಷ ಹಿಡೀತು, ಅಲಗಿನ ಅಗಲ ಒಂದು ಭತ್ತದ ಕಾಳಿನಷ್ಟು ಕಮ್ಮಿ ಆಯ್ತು. ನಾನು ಮಧ್ಯೆ ಮಧ್ಯೆ ಅಲಗು ಮುಟ್ಟಿ ನೋಡ್ತಿದ್ದೆ, ಬಾವಿ ನೀರಿನಷ್ಟು ತಣ್ಣಗಿತ್ತು. ಆಮೇಲೆ ದೊಡ್ಡಮ್ಮ ಹೇಳಿದ ಆ ಎಳೆ! ಅಣ್ಣ ನನ್ನ ಕೈಯಿಂದಲೇ ಸವರಿಸಿದ್ರು, ನಿಜವಾಗ್ಲೂ ಬೆರಳಿಗೆ ಕಚ್ಚುತ್ತೆ. ಇಷ್ಟು ವರ್ಷ ಅಡುಗೆ ಮಾಡ್ತಾ ನಂಗೆ ಇದು ಗೊತ್ತಿರ್ಲಿಲ್ಲ. ಚರ್ಮದ ಚಕ್ರದ ಮೇಲೆ ಎರಡೂ ಬದಿ ಎಳೆದ್ಮೇಲೆ ಆ ಕಚ್ಚೋದು ಹೋಯ್ತು, ಪೇಪರ್ ಹಿಡಿದ್ರೆ ಸದ್ದೇ ಇಲ್ದೆ ಇಳೀತು.

ಚರ್ಮದ ಚಕ್ರದಲ್ಲಿ ಒಂದು ಜಾಗ್ರತೆ ಹೇಳಿದ್ರು, ಚಕ್ರ ಬಾಯಿಯಿಂದ ದೂರ ಹೋಗೋ ದಿಕ್ಕಲ್ಲೇ ಹಿಡೀಬೇಕು, ಎದುರು ಹಿಡಿದ್ರೆ ಚರ್ಮದೊಳಗೆ ಚಾಕು ನಾಟುತ್ತೆ.

ಜರ್ಮನ್ ಚಾಕು ಬುಡದ ತನಕ ಚೆನ್ನಾಗಿ ಬಂತು, ಸಿದ್ದಾಪುರದವ್ರು ಹೇಳಿದ ತೊಂದ್ರೆ ಇಲ್ಲಿ ಇಲ್ಲ. ಜಪಾನ್ ಚಾಕು ಎರಡು ಬದಿ ಮಸೆಯೋದೇ, ಅದನ್ನ 15 ಡಿಗ್ರಿಗೆ ಇಟ್ಟು ಕಲ್ಲಿನ ಮೈ ನುಣುಪು ಮಾಡ್ಕೊಂಡು ಮಸೆದ್ರು. ಒಂದೇ ಕಲ್ಲನ್ನ ಇನ್ನೊಂದು ಸಣ್ಣ ಕಲ್ಲಿಂದ ಉಜ್ಜಿ 220ರ ಒರಟಿಂದ 1000ದ ನುಣುಪಿಗೆ ತರಬಹುದಂತೆ, ಕಲ್ಲು ಬದಲಿಸೋದೇ ಬೇಡ. ಕತ್ತಿ ಎರಡನ್ನ ಮಾತ್ರ ತಮ್ಮ ಬೆಲ್ಟಲ್ಲಿ ಮಾಡಿಕೊಟ್ಟ, 25 ಡಿಗ್ರಿಗೆ, ಕಮ್ಮಿ ಸ್ಪೀಡಲ್ಲಿ. ನೀರಿನ ಚಕ್ರಕ್ಕೆ ಆ ಬಾಗಿದ ಕತ್ತಿ ಹಿಡಿಸೋದು ಕಷ್ಟ ಅಂತ ಅಣ್ಣನೇ ಒಪ್ಕೊಂಡ್ರು. ಬೆಲ್ಟಲ್ಲಿ ನಾಲ್ಕು ನಿಮಿಷಕ್ಕೆ ಮುಗೀತು, ಮೂಳೆ ಕಡಿದ್ರೂ ಬಾಯಿ ಹೋಗ್ಲಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ನಮ್ಮ ರಸ್ತೇಲಿರೋ ಇನ್ನೆರಡು ಹೋಮ್‌ಸ್ಟೇಯವ್ರ ಜೊತೆ ಮಾತಾಡಿ ಮೂರು ಮನೆ ಸೇರಿ ಟಿ-4 ತಗೊಂಡ್ವಿ, 200 ಎಂಎಂ ಕಲ್ಲು, 120 ಸುತ್ತು. ಅದು ಗಂಟೆಗೆ ಅರ್ಧ ಗಂಟೆ ಮಾತ್ರ ಓಡಿಸೋಕೆ ಮಾಡಿದ್ದು, ನಮಗೆ ಅಷ್ಟು ಸಾಕು, ಸಂಜೆಗೆ ನಾಲ್ಕು ಚಾಕು ಮಾಡಿ ನಿಲ್ಲಿಸ್ತೀವಿ. ಒಬ್ರಿಗೇ ಆಗಿದ್ರೆ ದುಡ್ಡು ಜಾಸ್ತಿ ಆಗ್ತಿತ್ತು, ಮೂರು ಪಾಲಾದ್ಮೇಲೆ ಒಂದು ಒಳ್ಳೇ ಗ್ರೈಂಡರ್ ರೇಟಿಗೆ ಬಂತು. ಇಟ್ಟಿರೋದು ನಮ್ಮ ಹಿಂದಿನ ಜಗಲೀಲಿ, ಅಡಿಗೆ ಅಲ್ಯೂಮಿನಿಯಂ ಟ್ರೇ, ಯಾಕಂದ್ರೆ ನೀರು ಚಾಕು ಮೇಲೆ ಹರಿದು ಮೇಜೆಲ್ಲಾ ಒದ್ದೆ ಆಗುತ್ತೆ. ಹೊಸ ಕಲ್ಲು ಮೊದಲ ದಿನ ನೀರು ಕುಡಿದೇ ಕುಡೀತು, ಮೂರು ಸಲ ತುಂಬಿಸ್ಬೇಕಾಯ್ತು. ಕೆಲಸ ಆದ್ಮೇಲೆ ತೊಟ್ಟಿ ಇಳಿಸಿ, ಬೂದು ಬಣ್ಣದ ಕೆಸರನ್ನ ಸಿಂಕಿಗೆ ಹಾಕದೆ ಹಳೇ ಬಕೆಟಲ್ಲಿ ತೆಗೆದಿಡ್ತೀವಿ.

ದಿನಾ ಬೆಳಿಗ್ಗೆ ರಾಡು, ಹದಿನೈದು ದಿನಕ್ಕೊಮ್ಮೆ ಬಾವಿಕಟ್ಟೇಲಿ ಕಲ್ಲು, ಮೆಷಿನ್ ಎರಡು ತಿಂಗಳಿಗೊಮ್ಮೆ ಅಂತ ಮಾಡಿದ್ದೀವಿ. ಗ್ರಾನೈಟ್ ಮೇಲೆ ಹೆಚ್ಚೋದು ಪೂರ್ತಿ ನಿಂತಿದೆ, ದೊಡ್ಡಮ್ಮ. ಹೋದ ಶನಿವಾರ ಹತ್ತು ಕೆಜಿ ಹಂದಿ ಮಾಂಸ, ಹೊಲಿಗೆ ಬಿದ್ದಿದ್ದ ಅದೇ ಅಕ್ಕ ಕುಯ್ದಿದ್ದು. ಮೊದಲ ತುಂಡಿಗೆ ಅವ್ರು ಹೆದರಿ ಹೆದರಿ ಒತ್ತೋಕೆ ಹೋದ್ರು, ಒತ್ತೋದೇ ಬೇಕಾಗ್ಲಿಲ್ಲ, ಚರ್ಮದ ಮೇಲೆ ಇಟ್ಟು ಎಳೆದ್ರೆ ಇಳೀತು. ಅವ್ರು ಚಾಕು ತಿರುಗಿಸಿ ನೋಡಿ ನನ್ನ ಮುಖ ನೋಡಿದ್ರು. ಒಂದೂವರೆ ಗಂಟೆ ಹಿಡೀತಿದ್ದ ಕೆಲಸ ಐವತ್ತು ನಿಮಿಷಕ್ಕೆ ಮುಗೀತು.

ಈಗ ಒಂದು ಹೊಸ ತೊಂದ್ರೆ. ಚಾಕು ಎಳೀವಾಗ ಕಲ್ಲಿನ ಒಂದು ಜಾಗದಲ್ಲಿ ಟಕ್ ಟಕ್ ಅಂತ ಏಳುತ್ತೆ, ಪ್ರತಿ ಸುತ್ತಿಗೂ ಅದೇ ಜಾಗ. ಕಲ್ಲು ಕೆಟ್ಟಿತಾ?

ಸುಂಟಿಕೊಪ್ಪ_ಬಡಗಿ:
ಕೆಟ್ಟಿಲ್ಲ ಅಕ್ಕ, ಕಲ್ಲು ದುಂಡಗಿಲ್ಲದ ಹಾಗಾಗಿದೆ ಅಷ್ಟೆ. ನೀರಲ್ಲೇ ನಿಲ್ಲಿಸಿ ಬಿಟ್ಟಿದ್ರಾ? ಒಂದು ಕಡೆ ಮಾತ್ರ ನೆನೆದ್ರೆ ಅಲ್ಲಿ ಬೇರೆ ತರ ಸವೆಯುತ್ತೆ, ಅದಕ್ಕೇ ತೊಟ್ಟಿ ಇಳಿಸೋಕೆ ಹೇಳೋದು.

ನಾಪೋಕ್ಲು_ಅಡುಗೆಮನೆ:
ಪಕ್ಕದ ಮನೆಯವ್ರು ಒಂದು ವಾರ ಹಾಗೇ ಬಿಟ್ಟಿದ್ರಂತೆ, ಈಗ ಕೇಳಿದೆ. ಅವ್ರಿಗೂ ಗೊತ್ತಿರ್ಲಿಲ್ಲ ಪಾಪ.

ಸುಂಟಿಕೊಪ್ಪ_ಬಡಗಿ:
ಪರ್ವಾಗಿಲ್ಲ. ಡೈಮಂಡ್ ತುದಿಯ ಸಾಧನ ಉಂಟು, ಕಂಬಿಗೆ ಕಚ್ಚಿಸಿ ಕಲ್ಲಿನ ಮೈಯನ್ನ ತೆಳ್ಳಗೆ ಒಂದು ಪದರ ತೆಗೆದ್ರೆ ಮತ್ತೆ ದುಂಡಗಾಗುತ್ತೆ, ಕಾಲು ಗಂಟೆ ಕೆಲಸ. ಭಾನುವಾರ ಬೆಳಿಗ್ಗೆ ಆ ಕಡೆ ಬರೋದಿದೆ, ತರ್ತೀನಿ. ಮೂರು ಮನೆಯವ್ರೂ ಇರಿ, ಒಂದು ಸಲ ನೋಡಿದ್ರೆ ಮುಂದೆ ನೀವೇ ಮಾಡ್ಕೋಬಹುದು. ಕಲ್ಲು ಮಾತ್ರ ಶನಿವಾರ ರಾತ್ರಿ ಒಣಗಿರಲಿ.